ನಿಲ್ಲಿಸಿಟ್ಟ ಹಳೆ ಕಾರಿನ ಬ್ರೇಕ್ ಕೈಕೊಟ್ಟರೆ: ಪೆಡಲ್‌ನಿಂದ ಶುರುಮಾಡಿ ದೋಷ ಹುಡುಕುವ ಬಗೆ

ಅಪ್ಪನ 1997ರ ಮಾರುತಿ 800 ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಂಚಿನ ಶೆಡ್ಡಿನಲ್ಲಿ ನಾಲ್ಕು ಮಳೆಗಾಲ ನಿಂತಿತ್ತು. ಹೊಸ ಬ್ಯಾಟರಿ ಹಾಕಿ, ಟ್ಯಾಂಕಿನ ಹಳೆ ಪೆಟ್ರೋಲ್ ತೆಗೆದು, ಕಾರ್ಬುರೇಟರ್ ತೊಳೆದ ಮೇಲೆ ಇಂಜಿನ್ ಚಾಲೂ ಆಯಿತು. ಮನೆಯವರೆಲ್ಲ ಅಂಗಳಕ್ಕೆ ಬಂದು ನಿಂತರು. ನಾನು ಬ್ರೇಕ್ ಒತ್ತಿದೆ. ಪೆಡಲ್ ಮುಕ್ಕಾಲು ಭಾಗ ಕೆಳಗೆ ಹೋಯಿತು. ನಾಲ್ಕೈದು ಸಲ ಬಲವಾಗಿ ತುಳಿದೆ, ಗಟ್ಟಿಯಾಯಿತು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಸ್ವಲ್ಪ ಕಡಿಮೆ ಇತ್ತು, ಹೊಸದು ಸುರಿದೆ. ಸರಿಹೋಯಿತು ಅಂದುಕೊಂಡು ಗಾಡಿ ಹೊರಗೆ ತೆಗೆದೆ.

ಅಂಗಳ ದಾಟಿದರೆ ಗೇಟಿನವರೆಗೆ ಇಳಿಜಾರು. ಅಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಅದರ ಕೇಬಲ್ ತುಕ್ಕು ಹಿಡಿದು ಕೂತಿತ್ತು. ಗೇಟು ತೆಗೆಯೋಕೆ ಅಕ್ಕನ ಮಗ ಓಡಿಬಂದು ನಿಂತಿದ್ದ. ಸ್ಟೇರಿಂಗ್ ಎಡಕ್ಕೆ ತಿರುಗಿಸಿ ಪಕ್ಕದ ಮಣ್ಣಿನ ದರೆಗೆ ಗುದ್ದಿಸಿ ನಿಲ್ಲಿಸಿದೆ. ಬಂಪರ್, ಒಂದು ಹೆಡ್‌ಲೈಟು ಹೋಯಿತು. ಹುಡುಗನಿಗೆ ಏನೂ ಆಗಲಿಲ್ಲ. ಆ ಹತ್ತು ಸೆಕೆಂಡು ಈಗ ನೆನೆದರೂ ಕೈ ತಣ್ಣಗಾಗುತ್ತದೆ.

ಸಂಜೆ ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರು ಬಂದರು. ಗಾಡಿ ನೋಡುವ ಮೊದಲು ಅವರು ಕೇಳಿದ್ದು ಒಂದೇ. "ತಮ್ಮಾ, ಮೊದಲ ಸಲ ಒತ್ತಿದಾಗ ಪೆಡಲ್ ಎಷ್ಟು ಹೋಯ್ತು? ಹೇಗಿತ್ತು?" ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ. "ಆ ಮೊದಲ ಒತ್ತು ಇದೆಯಲ್ಲ, ಅದರಲ್ಲೇ ಎಲ್ಲ ಇರುತ್ತೆ. ಆಮೇಲೆ ತುಳಿದಿದ್ದೆಲ್ಲ ಹಾಳುಮಾಡಿದ್ದು" ಅಂದರು.

ಅವರ ಜೊತೆ ಆ ಗಾಡಿಯ ಬ್ರೇಕ್ ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ. ಆಮೇಲೆ ನೆಂಟರ, ಗೆಳೆಯರ ಮೂರು ಹಳೆ ಗಾಡಿಗಳನ್ನು ಇದೇ ರೀತಿ ಎಬ್ಬಿಸಿದ್ದೇವೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನದಕ್ಕೆ ಡ್ರಮ್ ಬ್ರೇಕ್ ಇರುವ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಗೆ ಇಲ್ಲಿ ಬರೆದದ್ದು ಹೊಂದುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಹಳೆ ಗಾಡಿಗೂ ಹೆಚ್ಚಿನದು ಹೊಂದುತ್ತದೆ.

ಸುಮ್ಮನೆ ನಿಂತರೆ ಏನು ಹಾಳಾಗುತ್ತದೆ?

ಓಡದ ಗಾಡಿಯ ಬ್ರೇಕ್ ಸವೆಯುವುದಿಲ್ಲ, ನಿಜ. ಆದರೆ ಬ್ರೇಕ್ ಆಯಿಲ್‌ಗೆ ತೇವ ಎಳೆದುಕೊಳ್ಳುವ ಗುಣ ಇದೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಉಪ್ಪು ನೀರೊಡೆಯುತ್ತದಲ್ಲ, ಹಾಗೆ. ರಬ್ಬರ್ ಹೋಸ್ ಮೂಲಕ, ಮುಚ್ಚಳದ ಸಂದಿಯಿಂದ ಗಾಳಿಯ ತೇವ ನಿಧಾನವಾಗಿ ಒಳಗೆ ಸೇರುತ್ತದೆ. ಆ ತೇವ ಕಬ್ಬಿಣದ ಸಿಲಿಂಡರ್ ಒಳಗೆ ತುಕ್ಕು ತರುತ್ತದೆ. ತುಕ್ಕು ಸಣ್ಣ ಸಣ್ಣ ಗುಳಿ ಮಾಡುತ್ತದೆ.

ಇನ್ನೊಂದು ಕಡೆ, ಸಿಲಿಂಡರ್ ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತವೆ. ಗಟ್ಟಿಯಾಗುತ್ತವೆ, ಅಂಚು ಒಣಗುತ್ತದೆ. ಗಾಡಿ ದಿನಾ ಓಡುವಾಗ ಪೆಡಲ್ ಒಂದು ಅಳತೆಯಷ್ಟೇ ಕೆಳಗೆ ಹೋಗುತ್ತದೆ. ಆದ್ದರಿಂದ ಪೆಡಲ್ ಒತ್ತಿದಾಗ ಆಯಿಲ್ ಅನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಕಪ್ ಓಡಾಡುವ ಜಾಗ ಮಾತ್ರ ನುಣ್ಣಗಿರುತ್ತದೆ. ಅದರಾಚೆಗಿನ ಜಾಗದಲ್ಲಿ ಕಪ್ ಎಂದೂ ಹೋಗಿರುವುದಿಲ್ಲ. ಅಲ್ಲಿ ತುಕ್ಕು, ಕಸರು ತುಂಬಿರುತ್ತದೆ. ನಿಂತ ಗಾಡಿಯ ಪೆಡಲ್ ಅನ್ನು ನೆಲದವರೆಗೆ ತುಳಿದರೆ ಆ ಒಣ ಕಪ್ ಹೋಗಿ ಈ ಒರಟು ಜಾಗಕ್ಕೆ ಉಜ್ಜುತ್ತದೆ. ಅಂಚು ಹರಿಯುತ್ತದೆ. ನಾನು ಮಾಡಿದ್ದು ಇದನ್ನೇ. ಬಿಚ್ಚಿ ನೋಡಿದಾಗ ಕಪ್‌ನ ಅಂಚಿನಲ್ಲಿ ಬ್ಲೇಡಿನಲ್ಲಿ ಗೀರಿದಂತೆ ಮೂರು ಗೆರೆಗಳಿದ್ದವು.

ಅದಕ್ಕೇ ನನ್ನ ಮೊದಲ ಮಾತು ಇದು: ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಹೋಗುವಷ್ಟು ಜಾಗ ಬಿಟ್ಟು, ಅದರಾಚೆ ಹೋಗದಂತೆ ತಡೆಯುವ ಎತ್ತರದ ತುಂಡು. ಪರೀಕ್ಷೆ ಮಾಡುವಾಗಲೂ ಇರಲಿ, ಏರ್, ಅಂದರೆ ಆಯಿಲ್ ದಾರಿಯೊಳಗಿನ ಗಾಳಿ, ತೆಗೆಯುವಾಗಲೂ ಇರಲಿ. ಗಾಡಿ ಓಡಿಸುವ ಮೊದಲು ನೆನಪಿಟ್ಟು ತೆಗೆಯಿರಿ.

ಪೆಡಲ್ ಮುಟ್ಟುವ ಮೊದಲು ಕಣ್ಣಿನಲ್ಲಿ ನೋಡಿ

ಗಾಡಿ ಸಮತಟ್ಟು ಜಾಗದಲ್ಲಿರಲಿ. ಎರಡು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕಿ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಇಟ್ಟಿಗೆ ಜೋಡಿಸಿ ಸ್ಟ್ಯಾಂಡ್ ಮಾಡುವವರನ್ನು ನೋಡಿದ್ದೇನೆ. ಇಟ್ಟಿಗೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಮೊದಲು ಆಯಿಲ್ ಡಬ್ಬಿ. ಮಟ್ಟ ಎಲ್ಲಿದೆ ಅಂತ ಒಂದು ಗೆರೆ ಎಳೆದುಕೊಳ್ಳಿ. ಆಮೇಲೆ ಮುಚ್ಚಳ ಸುತ್ತ ಒರೆಸಿ ತೆಗೆಯಿರಿ. ಹೊಸ ಆಯಿಲ್ ತಿಳಿ ಜೇನಿನ ಬಣ್ಣ ಇರುತ್ತದೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ತಳದಲ್ಲಿ ಕೆಸರಿನಂಥದ್ದು ಕೂತಿದ್ದರೆ, ಒಳಗೆ ತುಕ್ಕು ಮತ್ತು ರಬ್ಬರ್ ಕರಗಿದ ಕಸ ಇದೆ ಅಂತ ಅರ್ಥ. ಮಟ್ಟ ಕಡಿಮೆ ಇದ್ದರೆ ಕೂಡಲೇ ಸುರಿಯಬೇಡಿ. ಎಲ್ಲಿಗೆ ಹೋಯಿತು ಅಂತ ಮೊದಲು ಹುಡುಕಬೇಕು. ಬ್ರೇಕ್ ಪ್ಯಾಡ್ ಸವೆದಿದ್ದರೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಡಬ್ಬಿ ಖಾಲಿಯಾಗಿದ್ದರೆ ಅದು ಸೋರಿಕೆಯೇ.

ಸೋರಿಕೆ ಹುಡುಕುವ ಜಾಗಗಳು ಇಷ್ಟೇ. ನಾಲ್ಕೂ ಚಕ್ರದ ಒಳಮೈ, ಅಂದರೆ ಟೈರಿನ ಒಳಗೋಡೆ ಮತ್ತು ಡ್ರಮ್ಮಿನ ಹಿಂದಿನ ತಗಡು. ಹೋಸ್‌ಗಳು. ಗಾಡಿಯ ಹೊಟ್ಟೆಯ ಕೆಳಗೆ ಹೋಗುವ ಲೋಹದ ಪೈಪುಗಳು, ಅದರಲ್ಲೂ ಕ್ಲಿಪ್ ಹಿಡಿದ ಜಾಗ, ಯಾಕೆಂದರೆ ಅಲ್ಲಿ ಕೆಸರು ನಿಂತು ತುಕ್ಕು ಬೇಗ ಬರುತ್ತದೆ. ಕೊನೆಗೆ ಪೆಡಲ್ ಮೇಲ್ಗಡೆ, ಕಾಲಿಡುವ ಜಾಗದ ಗೋಡೆ. ಇಂಜಿನ್ ಎಳೆತದಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲ್ ಹೋದರೆ ಆಯಿಲ್ ಅಲ್ಲಿ ಇಳಿದು ಮ್ಯಾಟ್ ಒದ್ದೆ ಮಾಡುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಉಬ್ಬಿ ಸುಲಿದಿರುತ್ತದೆ. ಹಳೆ ಸೋರಿಕೆಗೆ ಅದೇ ಗುರುತು.

ನೆಲ ಒಣಗಿದೆ ಅಂತ ಸೋರಿಕೆ ಇಲ್ಲ ಅನ್ನಬೇಡಿ. ಡ್ರಮ್ ಒಳಗೆ ಸೋರಿದ್ದನ್ನು ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನಿನಂಥ ಭಾಗ) ಮೇಲಿನ ಲೈನರ್, ಅಂದರೆ ಉಜ್ಜುವ ಪದರ, ಹೀರಿಕೊಳ್ಳುತ್ತದೆ, ಧೂಳು ಹೀರಿಕೊಳ್ಳುತ್ತದೆ. ನಮ್ಮ ಗಾಡಿಯಲ್ಲಿ ಎಡ ಹಿಂಚಕ್ರದ ಸಿಲಿಂಡರ್ ಎಷ್ಟು ದಿನದಿಂದ ಸೋರುತ್ತಿತ್ತೋ, ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ.

ಈಗ ಪೆಡಲ್. ಒಂದೇ ಒಂದು ಸಲ, ನಿಧಾನವಾಗಿ

ಇಂಜಿನ್ ಬಂದ್ ಇರಲಿ. ಮರದ ತುಂಡು ಇಟ್ಟಿದ್ದೀರಿ ಅಲ್ವಾ? ಬೂಟು ಬಿಚ್ಚಿ ಬರಿಗಾಲಲ್ಲಿ ಒತ್ತಿ. ಪಾದಕ್ಕೆ ಗೊತ್ತಾಗುವಷ್ಟು ಬೂಟಿಗೆ ಗೊತ್ತಾಗುವುದಿಲ್ಲ. ಗಡಿಬಿಡಿ ಬೇಡ. ಎಷ್ಟು ದೂರ ಹೋಯಿತು, ಎಲ್ಲಿ ತಡೆ ಸಿಕ್ಕಿತು, ಆ ತಡೆ ಹೇಗಿತ್ತು ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಸಾಧ್ಯವಾದರೆ ಬರೆದುಕೊಳ್ಳಿ.

ಪೆಡಲ್ ಮೆತ್ತಗಿದ್ದು, ಸ್ಪಂಜ್ ಒತ್ತಿದ ಹಾಗೆ ಅನ್ನಿಸಿದರೆ ಒಳಗೆ ಗಾಳಿ ಇದೆ. ಗಾಳಿ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಹಾಗಂತ ಏರ್ ತೆಗೆದು ಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಂತ ಗಾಡಿಯೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಆಯಿಲ್ ಹೊರಗೆ ಹೋದ ದಾರಿಯಲ್ಲೇ ಗಾಳಿ ಒಳಗೆ ಬಂದಿರುತ್ತದೆ. ಆ ದಾರಿ ಮುಚ್ಚದೆ ಏರ್ ತೆಗೆದರೆ ವಾರದಲ್ಲಿ ಮತ್ತೆ ಅದೇ ಕತೆ.

ಪೆಡಲ್ ತುಂಬ ಕೆಳಗೆ ಹೋಗಿ, ಆದರೆ ಅಲ್ಲಿ ಗಟ್ಟಿಯಾಗಿ ನಿಂತರೆ, ಎರಡನೇ ಸಲ ಒತ್ತಿದಾಗ ಮೇಲೇ ನಿಂತರೆ, ಅದು ಹೆಚ್ಚಾಗಿ ಗಾಳಿ ಅಲ್ಲ. ಹಿಂದಿನ ಡ್ರಮ್ಮಿನಲ್ಲಿ ಶೂ ಮತ್ತು ಡ್ರಮ್ ನಡುವೆ ಸಂದು ಜಾಸ್ತಿ ಇದೆ. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ಒತ್ತಿ ನೋಡಿ. ಈಗ ಪೆಡಲ್ ಎತ್ತರದಲ್ಲೇ ನಿಂತರೆ ತೊಂದರೆ ಹಿಂದಿನ ಶೂ ಅಡ್ಜಸ್ಟ್‌ಮೆಂಟ್‌ನದ್ದು. ಹ್ಯಾಂಡ್ ಬ್ರೇಕ್ ಶೂಗಳನ್ನು ಡ್ರಮ್ಮಿನ ಹತ್ತಿರ ತಳ್ಳಿರುತ್ತದೆ, ಆದ್ದರಿಂದ ಸಂದು ತುಂಬಲು ಪೆಡಲ್ ಅಷ್ಟು ಓಡಬೇಕಾಗುವುದಿಲ್ಲ. ಕೇಬಲ್ ಸರಿಯಾಗಿ ಎಳೆಯುತ್ತಿದ್ದರೆ ಮಾತ್ರ ಈ ಪರೀಕ್ಷೆ ನಂಬಿ.

ಪೆಡಲ್ ಮೊದಲು ಚೆನ್ನಾಗಿ ನಿಂತು, ಕಾಲು ಹಾಗೇ ಇಟ್ಟುಕೊಂಡರೆ ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಅದು ಎಲ್ಲಕ್ಕಿಂತ ಅಪಾಯದ್ದು. ಅರ್ಧ ನಿಮಿಷ ಒಂದೇ ಸಮನೆ ಒತ್ತಿ ಹಿಡಿದು ನೋಡಿ. ಇಳಿಯುತ್ತಿದೆ ಅಂದರೆ ಒತ್ತಡ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಎಲ್ಲೂ ಒದ್ದೆ ಇಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲ ಅಂದರೆ ಮಾಸ್ಟರ್ ಸಿಲಿಂಡರ್ ಒಳಗಿನ ಕಪ್ ಹೋಗಿದೆ. ಆಯಿಲ್ ಕಪ್ಪಿನ ಅಂಚು ದಾಟಿ ಸಿಲಿಂಡರ್ ಒಳಗೇ ಹಿಂದಕ್ಕೆ ಬರುತ್ತಿದೆ. ಇದು ಮೋಸಗಾರ ದೋಷ. ಬೇಗ ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ನಿಧಾನ ಒತ್ತಿದರೆ ಹಿಡಿಯುವುದಿಲ್ಲ. ಅಂಗಳದಲ್ಲಿ ಟಕ್ಕಂತ ಒತ್ತಿ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಇಳಿಜಾರಿನಲ್ಲಿ ಮೆತ್ತಗೆ ಒತ್ತಿ ಹಿಡಿದಾಗ ಪೆಡಲ್ ಕುಸಿಯುತ್ತದೆ. ಪರೀಕ್ಷೆಯನ್ನು ಮೆತ್ತಗೂ ಮಾಡಿ, ಬಲವಾಗಿಯೂ ಮಾಡಿ.

ಪೆಡಲ್ ಕಲ್ಲಿನ ಹಾಗಿದ್ದು ಗಾಡಿ ಮಾತ್ರ ನಿಲ್ಲುವುದಿಲ್ಲ ಅಂದರೆ ಎರಡು ಕಡೆ ನೋಡಬೇಕು. ಒಂದು ಬೂಸ್ಟರ್. ಇನ್ನೊಂದು, ಡಿಸ್ಕ್ ಹಿಡಿಯುವ ಕ್ಯಾಲಿಪರ್ ಅಥವಾ ಡ್ರಮ್ ಒಳಗೆ ಶೂ ತಳ್ಳುವ ವೀಲ್ ಸಿಲಿಂಡರ್‌ಗಳ ಪಿಸ್ಟನ್ ತುಕ್ಕಿನಲ್ಲಿ ಕೂತಿರುವುದು.

ಬೂಸ್ಟರ್ ಪರೀಕ್ಷೆ ಸುಲಭ. ಇಂಜಿನ್ ಬಂದ್ ಇದ್ದಾಗ ಐದಾರು ಸಲ ಅರ್ಧ ಪೆಡಲ್ ಒತ್ತಿ ಒಳಗಿನ ವ್ಯಾಕ್ಯೂಮ್ ಖಾಲಿ ಮಾಡಿ. ಕಾಲು ಒತ್ತಿ ಹಿಡಿದೇ ಇಂಜಿನ್ ಚಾಲೂ ಮಾಡಿ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಜಾರಬೇಕು. ಜಾರಲಿಲ್ಲ ಅಂದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಹೊಸ ಬೂಸ್ಟರ್ ತರುವ ಮೊದಲು ಇಂಜಿನ್‌ನಿಂದ ಅದಕ್ಕೆ ಬರುವ ರಬ್ಬರ್ ಪೈಪು ನೋಡಿ. ಗೆಳೆಯನ ಗಾಡಿಯಲ್ಲಿ ಆ ಪೈಪನ್ನು ಇಲಿ ಕಡಿದಿತ್ತು. ಒಂದು ಗೇಣು ಪೈಪಿನಲ್ಲಿ ಮುಗಿದ ಕೆಲಸ ಅದು.

ಡಬ್ಬಿಯ ಮಟ್ಟ ಇಳಿಯುತ್ತಿದೆ, ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದರೂ ಬೂಸ್ಟರ್ ಕಡೆ ನೋಡಿ. ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲ್ ಹೋಗಿ ಆಯಿಲ್ ಬೂಸ್ಟರ್ ಹೊಟ್ಟೆಯೊಳಗೆ ಸೇರುತ್ತಿರಬಹುದು. ಮಾಸ್ಟರ್ ಸಿಲಿಂಡರ್ ನಟ್ ಸಡಿಲಿಸಿ ಸ್ವಲ್ಪ ಮುಂದಕ್ಕೆ ಎಳೆದರೆ ಗೊತ್ತಾಗುತ್ತದೆ.

ಮಾಸ್ಟರ್‌ನದ್ದೋ, ಚಕ್ರದ್ದೋ?

ಇಲ್ಲಿ ಜನ ತುಂಬ ದುಡ್ಡು ಕಳೆದುಕೊಳ್ಳುತ್ತಾರೆ. ಮೊದಲು ವೀಲ್ ಸಿಲಿಂಡರ್ ಬದಲಾಯಿಸು, ಆಗಲಿಲ್ಲ, ಮಾಸ್ಟರ್ ಬದಲಾಯಿಸು, ಆಗಲಿಲ್ಲ, ಹೋಸ್ ಬದಲಾಯಿಸು. ಹಾಗೆ ಮಾಡಬೇಕಾಗಿಲ್ಲ. ಮಾಸ್ಟರ್ ಅನ್ನು ಉಳಿದ ಭಾಗದಿಂದ ಬೇರೆ ಮಾಡಿ ನೋಡಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಮಾಸ್ಟರ್ ಸಿಲಿಂಡರ್‌ನಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಆ ತೂತುಗಳಿಗೆ ಅಡಕು ಹಾಕಬೇಕು. ಗ್ಯಾರೇಜಿನವರು ಹಳೆ ಬ್ರೇಕ್ ಪೈಪನ್ನು ನಟ್ ಸಮೇತ ಎರಡು ಇಂಚಿಗೆ ಕತ್ತರಿಸಿ, ತುದಿ ಬಡಿದು ಬ್ರೇಜಿಂಗ್ ಬೆಸುಗೆ ಹಾಕಿಸಿ ಇಟ್ಟುಕೊಂಡಿರುತ್ತಾರೆ. ಅದು ಸರಿಯಾಗಿ ಕೂರುತ್ತದೆ. ಪೈಪಿನ ನಟ್ ಬಿಚ್ಚೋಕೆ ಸಾದಾ ಓಪನ್ ಪಾನಾ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ. ಪೈಪು ನುಗ್ಗುವಷ್ಟು ಸೀಳಿರುವ ರಿಂಗ್ ಪಾನಾ ಬರುತ್ತದೆ, ಅದನ್ನೇ ತನ್ನಿ.

ಅಡಕು ಹಾಕಿ, ಅದರ ನಟ್ ಸ್ವಲ್ಪ ಸಡಿಲಿಸಿ ಗಾಳಿ ಹೊರಡಿಸಿ, ಬಿಗಿ ಮಾಡಿ ಪೆಡಲ್ ಒತ್ತಿ. ಪೆಡಲ್ ಮೇಲೇ ಗಟ್ಟಿಯಾಗಿ ನಿಂತು ಇಳಿಯದಿದ್ದರೆ ಮಾಸ್ಟರ್ ಸರಿ ಇದೆ, ದೋಷ ಮುಂದಿನ ದಾರಿಯಲ್ಲಿದೆ. ಅಡಕು ಹಾಕಿದ ಮೇಲೂ ಇಳಿದರೆ ಅಥವಾ ಮೆತ್ತಗೇ ಇದ್ದರೆ ಮಾಸ್ಟರ್ ಬಿಚ್ಚಬೇಕು. ಮುಂದಿನ ದಾರಿಯಲ್ಲಿ ದೋಷ ಅಂತಾದರೆ ಅಡಕುಗಳನ್ನು ಒಂದೊಂದಾಗಿ ತೆಗೆದು ಪೈಪು ಜೋಡಿಸಿ, ಗಾಳಿ ಹೊರಡಿಸಿ ಒತ್ತಿ ನೋಡಿ. ಯಾವ ಪೈಪು ಜೋಡಿಸಿದಾಗ ಪೆಡಲ್ ಕೆಡುತ್ತದೋ ತೊಂದರೆ ಆ ದಾರಿಯಲ್ಲಿದೆ.

ಹೋಸ್‌ಗಳನ್ನು ಕ್ಲ್ಯಾಂಪಿನಲ್ಲಿ ಒತ್ತಿ ಮುಚ್ಚಿ ಪರೀಕ್ಷಿಸುವ ದಾರಿಯೂ ಇದೆ. ಹೊಸ ಹೋಸ್‌ಗೆ ಪರವಾಗಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯ ಹೋಸ್ ಒಳಗೆ ಬಿರುಕು ಬಿಟ್ಟಿರುತ್ತದೆ, ಒತ್ತಿದರೆ ಅಲ್ಲೇ ಹಾಳು. ನಾನು ಮಾಡುವುದಿಲ್ಲ.

ನಮ್ಮ ಮಾರುತಿಯಲ್ಲಿ ಎರಡೂ ಇತ್ತು. ಈ ಮಾಸ್ಟರ್ ಸಿಲಿಂಡರ್ ಒಳಗೆ ಒಂದರ ಹಿಂದೆ ಒಂದು ಎರಡು ಪಿಸ್ಟನ್ ಇರುತ್ತವೆ, ಎರಡು ಬೇರೆ ಬೇರೆ ದಾರಿಗೆ ಒತ್ತಡ ಕೊಡುತ್ತವೆ. ಒಂದು ದಾರಿ ಸೋರಿದರೂ ಇನ್ನೊಂದು ಉಳಿಯಲಿ ಅಂತ. ಹಾಗಿದ್ದೂ ನಮ್ಮ ಪೆಡಲ್ ಪೂರ್ತಿ ಕುಸಿದದ್ದು ಹೇಗೆ? ಎಡ ಹಿಂಚಕ್ರದ ಸಿಲಿಂಡರ್ ಸೋರಿ ಒಂದು ದಾರಿ ಮೊದಲೇ ಹೋಗಿತ್ತು. ಇನ್ನೊಂದು ದಾರಿ ಚೆನ್ನಾಗಿಯೇ ಇತ್ತು. ಆ ದಾರಿಯ ಕಪ್ಪನ್ನು ನಾನು ಅಂಗಳದಲ್ಲಿ ತುಳಿದು ತುಳಿದು ಹರಿದಿದ್ದೆ.

ಡ್ರಮ್ ತೆಗೆದು ನೋಡುವುದು

ನಿಂತ ಗಾಡಿಯ ಡ್ರಮ್ ಸುಲಭಕ್ಕೆ ಬರುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಲೈನರ್ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿರುತ್ತದೆ. ಗೇರ್ ಹಾಕಿ ಇಂಜಿನ್ ಜೋರು ಮಾಡಿ ಬಿಡಿಸುವವರಿದ್ದಾರೆ. ಲೈನರ್ ಶೂನಿಂದ ಕಿತ್ತು ಬರುತ್ತದೆ, ಆಮೇಲೆ ಅದೇ ಒಳಗೆ ಸಿಕ್ಕಿಕೊಂಡು ಓಡುವಾಗ ಚಕ್ರ ಹಿಡಿದುಬಿಡಬಹುದು. ಅದರ ಬದಲು ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ತಟ್ಟಿ. ತುಕ್ಕು ಬಿಡಿಸುವ ಎಣ್ಣೆಯನ್ನು ನಡುವಿನ ಹಬ್ ಅಂಚಿಗೆ ಮಾತ್ರ ಹಾಕಿ. ಅದು ಲೈನರ್‌ಗೆ ತಾಗಬಾರದು. ಹಲವು ಡ್ರಮ್‌ಗಳಲ್ಲಿ ಒಳಗೆ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಸಾಮಾನ್ಯವಾಗಿ 8 ಎಂಎಂ ಬೋಲ್ಟ್ ಕೂರುತ್ತದೆ. ಎರಡಕ್ಕೂ ಬೋಲ್ಟ್ ಹಾಕಿ ಒಂದೊಂದು ಸುತ್ತು ಬಿಗಿಮಾಡುತ್ತಾ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಸುತ್ತಿಗೆಯಲ್ಲಿ ಅಂಚಿಗೆ ಹೊಡೆದರೆ ಎರಕದ ಕಬ್ಬಿಣ ಒಡೆಯುತ್ತದೆ.

ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಏರ್ ಪೈಪು ಹಿಡಿಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಕವರಿನಲ್ಲಿ ಕಟ್ಟಿ ಬಿಸಾಡಿ. ಗ್ಯಾರೇಜ್ ಹುಡುಗರು ದಿನಾ ಇದನ್ನು ಊದುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಡ್ರಮ್ಮಿನ ಹಿಂದಿನ ತಗಡಿನ ತೂತಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಅದನ್ನೂ ತೆಗೆಯಿರಿ. ಉದುರಿ ಲೈನರ್ ನಡುವೆ ಸೇರಿದರೆ ಡ್ರಮ್ ಗೀರುತ್ತದೆ.

ಈಗ ವೀಲ್ ಸಿಲಿಂಡರ್. ಎರಡು ತುದಿಯ ರಬ್ಬರ್ ಟೋಪಿಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎತ್ತಿ ನೋಡಿ. ಒಳಗೆ ಒಣಗಿರಬೇಕು. ಆಯಿಲ್ ಜಿನುಗಿದರೆ ಕಪ್ ಹೋಗಿದೆ. ಹೊಸ ರಬ್ಬರ್ ಕಿಟ್ ಹಾಕಬಹುದೋ, ಇಡೀ ಸಿಲಿಂಡರ್ ಬದಲಾಯಿಸಬೇಕೋ ಅನ್ನುವುದಕ್ಕೆ ಉಗುರೇ ಅಳತೆಗೋಲು. ಸಿಲಿಂಡರ್ ಒಳಮೈ ಒರೆಸಿ ಉಗುರು ಆಡಿಸಿ. ಬಣ್ಣ ಮಾತ್ರ ಬದಲಾಗಿದ್ದು ಉಗುರು ಜಾರಿದರೆ ಕಿಟ್ ಸಾಕು. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಹೊಸ ಸಿಲಿಂಡರ್. ಉಪ್ಪು ಕಾಗದದಿಂದ ಉಜ್ಜಿ ಗುಳಿ ಹೋಗಲಾಡಿಸಿದರೆ ಅಳತೆಯೇ ದೊಡ್ಡದಾಗುತ್ತದೆ. ಮಾಸ್ಟರ್‌ಗಂತೂ ನಾನು ಈಗ ಕಿಟ್ ಹಾಕುವುದಿಲ್ಲ. ಇಷ್ಟು ವರ್ಷ ನಿಂತ ಗಾಡಿಗೆ ಪೂರ್ತಿ ಹೊಸದೇ.

ಆಯಿಲ್ ಹೀರಿದ ಲೈನರ್ ಅನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕುವ ಪದ್ಧತಿ ಇದೆ. ಬೇಡ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ, ಆ ಚಕ್ರ ಸರಿಯಾಗಿ ಹಿಡಿಯುವುದಿಲ್ಲ, ಗಾಡಿ ಒಂದು ಕಡೆ ಎಳೆಯುತ್ತದೆ. ಶೂಗಳನ್ನು ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಾಯಿಸಿ.

ಬ್ರೇಕ್ ಬಿಡದೇ ಹೋದರೆ

ಒತ್ತಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಇದೂ ನಿಂತ ಗಾಡಿಯ ಕಾಯಿಲೆಯೇ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಜಾಮ್ ಆಗಿದ್ದರೆ ಆ ಚಕ್ರದ ಏರ್ ನಿಪ್ಪಲ್, ಅಂದರೆ ಗಾಳಿ ಹೊರಬಿಡುವ ಸಣ್ಣ ಸ್ಕ್ರೂ, ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಪಿಸ್ಟನ್ ತುಕ್ಕಿನಲ್ಲಿ ಕೂತಿದೆ, ಅಥವಾ ಕ್ಯಾಲಿಪರ್ ಜಾರುವ ಪಿನ್ ಒಣಗಿದೆ, ಅಥವಾ ಹಿಂಚಕ್ರವಾದರೆ ಹ್ಯಾಂಡ್ ಬ್ರೇಕ್ ಕೇಬಲ್ ವಾಪಸ್ ಬಂದಿಲ್ಲ.

ಒತ್ತಡ ಸಿಕ್ಕಿಹಾಕಿಕೊಂಡಿದೆ ಅಂತಾದರೆ ಇನ್ನೊಮ್ಮೆ ಪೆಡಲ್ ಒತ್ತಿ ಬಿಡಿ. ಈ ಸಲ ನಿಪ್ಪಲ್ ಬದಲು, ಹೋಸ್‌ಗೆ ಲೋಹದ ಪೈಪು ಸೇರುವ ಜಾಗದ ನಟ್ ಸಡಿಲಿಸಿ. ಚಕ್ರ ಬಿಡಲಿಲ್ಲವಾ? ಹಾಗಾದರೆ ಹೋಸ್ ಒಳಗೇ ಊದಿ ಮುಚ್ಚಿದೆ. ಹೊರಗೆ ನೋಡಿದರೆ ಹೋಸ್ ಹೊಸದರಂತೆ ಕಾಣಬಹುದು. ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರೋಕೆ ಅಷ್ಟು ಬಲ ಇರುವುದಿಲ್ಲ. ಅಲ್ಲಿ ಸಡಿಲಿಸಿದ ಕೂಡಲೇ ಚಕ್ರ ಬಿಟ್ಟರೆ ದೋಷ ಇನ್ನೂ ಹಿಂದೆ, ಅಂದರೆ ಮಾಸ್ಟರ್ ಕಡೆ. ಅಲ್ಲಿ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸೂಜಿಯಂಥ ತೂತು ಕಸರಿನಿಂದ ಮುಚ್ಚಿರುತ್ತದೆ. ಹಾಗಾದಾಗ ಸಾಮಾನ್ಯವಾಗಿ ಒಂದಲ್ಲ, ಆ ದಾರಿಯ ಎರಡೂ ಚಕ್ರ ಜಾಮ್ ಆಗುತ್ತವೆ.

ಡಿಸ್ಕ್ ಮೇಲಿನ ಕೆಂಪು ತುಕ್ಕು ನೋಡಿ ಗಾಬರಿಯಾಗಬೇಡಿ. ಮೇಲ್ಮೈ ತುಕ್ಕು ಹತ್ತಿಪ್ಪತ್ತು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಪ್ಯಾಡ್ ಕೂತಿದ್ದ ಜಾಗದಲ್ಲಿ ಗುಳಿ ಬಿದ್ದಿದ್ದರೆ ಮಾತ್ರ ಲೇತಿಗೆ ಅಥವಾ ಹೊಸದಕ್ಕೆ.

ಆಯಿಲ್, ಮತ್ತು ಏರ್ ತೆಗೆಯುವುದು

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದು ಬ್ರೇಕ್ ಆಯಿಲ್ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. 3.7 ಶೇಕಡಾದಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿ 230 ಮತ್ತು 155. ಈ ಅಂಕಿಗಳನ್ನು ನಾನು ಮರೆಯುವುದಿಲ್ಲ, ಯಾಕೆಂದರೆ ನಮ್ಮ ಊರಿಂದ ಕರಾವಳಿಗೆ ಹೋಗಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು. ತಿರುವಿನ ಮೇಲೆ ತಿರುವು. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಮುಂದಿನ ಡಿಸ್ಕ್ ಕಾದು, ನೀರು ಸೇರಿದ ಹಳೆ ಆಯಿಲ್ ಕುದಿಯುತ್ತದೆ. ಕುದಿದರೆ ಆವಿ. ಆವಿ ಗಾಳಿಯ ಹಾಗೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ. ಮನೆ ಹತ್ತಿರ ಚೆನ್ನಾಗಿ ಹಿಡಿದ ಬ್ರೇಕ್ ಘಾಟಿಯ ನಡುವೆ ಹೋಗುವುದು ಹೀಗೆ. ಆಮೇಲೆ ಗಾಡಿ ತಣ್ಣಗಾದರೆ ಬ್ರೇಕ್ ಮತ್ತೆ ಸರಿ, ದೋಷ ಹುಡುಕಿದರೆ ಸಿಗುವುದಿಲ್ಲ.

ಆದ್ದರಿಂದ ಹಳೆ ಆಯಿಲ್ ಪೂರ್ತಿ ಹೊರಗೆ ಹಾಕಿ, ಹೊಸದು ತುಂಬಿ. ಡಾಟ್ 3 ಇದ್ದ ಗಾಡಿಗೆ ಡಾಟ್ 4 ಹಾಕಬಹುದು. ಡಾಟ್ 5 ಸಿಲಿಕೋನ್‌ನದ್ದು, ಅದನ್ನು ಇದರ ಜೊತೆ ಬೆರೆಸಬಾರದು. ಇಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ಎಲ್ಲ ರಬ್ಬರ್ ಊದಿ ಹಾಳಾಗುತ್ತದೆ. ಕಪ್‌ಗಳನ್ನು ಸೀಮೆಎಣ್ಣೆಯಲ್ಲಾಗಲೀ ಪೆಟ್ರೋಲಿನಲ್ಲಾಗಲೀ ತೊಳೆಯಬೇಡಿ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಅದನ್ನೇ ಸವರಿ ಜೋಡಿಸಿ. ಗ್ರೀಸ್ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಕಳೆದ ವರ್ಷ ತೆರೆದಿಟ್ಟ ಅರ್ಧ ಡಬ್ಬಿ ಆಯಿಲ್ ಉಳಿದಿದ್ದರೆ ಅದನ್ನೂ ಹಾಕಬೇಡಿ, ಅದೂ ತೇವ ಕುಡಿದಿರುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಿರಿ.

ಏರ್ ನಿಪ್ಪಲ್ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮತ್ತೊಮ್ಮೆ. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಸಡಿಲ ಕಡೆಗೆ. ಬಲ ಹಾಕಿದರೆ ಮುರಿಯುತ್ತದೆ. ಮುರಿದರೆ ಕ್ಯಾಲಿಪರ್ ಬಿಚ್ಚಿ ಲೇತಿಗೆ ಹೋಗಬೇಕು.

ಏರ್ ತೆಗೆಯುವಾಗ ಮಾಸ್ಟರ್‌ನಿಂದ ದೂರದ ಚಕ್ರದಿಂದ ಶುರು. ನಮ್ಮಲ್ಲಿ ಮಾಸ್ಟರ್ ಬಲಗಡೆ ಇರುವುದರಿಂದ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಹಳೆ ಗಾಡಿಗೆ ನನಗಿಷ್ಟವಾದ ದಾರಿ ಪೆಡಲ್ ಮುಟ್ಟದೆ ಮಾಡುವುದು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿ, ನಿಪ್ಪಲ್ ಸಡಿಲಿಸಿ ಸುಮ್ನೆ ಕೂರಿ. ಆಯಿಲ್ ತನ್ನ ಭಾರಕ್ಕೇ ಇಳಿದು ಬರುತ್ತದೆ. ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಕೊನೆಗೆ ಒಬ್ಬರು ಪೆಡಲ್ ಒತ್ತಿ ಹಿಡಿದು, ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಮುಚ್ಚಿ ನಾಲ್ಕಾರು ಸಲ ಮಾಡಿದರೆ ಉಳಿದ ಗುಳ್ಳೆಗಳೂ ಹೋಗುತ್ತವೆ. ಒತ್ತುವವರು "ಹಿಡಿದೆ", ಬಿಚ್ಚುವವರು "ಬಿಡು" ಅಂತ ಜೋರಾಗಿ ಹೇಳಬೇಕು. ನಿಪ್ಪಲ್ ಮುಚ್ಚುವ ಮೊದಲು ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ.

ರಸ್ತೆಗೆ ಹೋಗುವ ಮೊದಲು

ಮರದ ತುಂಡು ತೆಗೆಯಿರಿ. ಇಂಜಿನ್ ಚಾಲೂ ಇಟ್ಟು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ, ಇನ್ನೊಂದು ನಿಮಿಷ ಮೆತ್ತಗೆ. ಪೆಡಲ್ ಇಳಿಯಬಾರದು. ಇನ್ನೊಬ್ಬರು ಟಾರ್ಚ್ ಹಿಡಿದು ಬಿಚ್ಚಿದ ಜಾಗಗಳನ್ನೆಲ್ಲ ನೋಡಲಿ. ಆಮೇಲೆ ಸಮತಟ್ಟು ಅಂಗಳದಲ್ಲಿ, ಮಕ್ಕಳು ದನಕರು ಯಾರೂ ಇಲ್ಲದಾಗ, ನಡೆಯುವ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿ. ಹ್ಯಾಂಡ್ ಬ್ರೇಕ್ ಒಂದರಿಂದಲೇ ನಿಲ್ಲುತ್ತದೆಯೇ ಅಂತಲೂ ನೋಡಿ. ಅದು ಸರಿಯಾಗದೆ ಗೇಟು ದಾಟಬೇಡಿ.

ಎರಡು ಕಿಲೋಮೀಟರ್ ಓಡಿಸಿ ಬಂದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಸುಡುವ ಹಾಗೆ ಕಾದಿದ್ದರೆ ಅದು ಬಿಡುತ್ತಿಲ್ಲ. ಒಂದು ಪೂರ್ತಿ ತಣ್ಣಗಿದ್ದರೆ ಅದು ಹಿಡಿಯುತ್ತಿಲ್ಲ.

ಗ್ಯಾರೇಜಿಗೆ ಒಯ್ಯಬೇಕಾದರೆ ಹಗ್ಗ ಕಟ್ಟಿ ಎಳೆಯಬೇಡಿ. ಹಿಂದಿನ ಗಾಡಿಗೆ ಬ್ರೇಕ್ ಇಲ್ಲ ಅನ್ನುವುದನ್ನು ಆ ಗಡಿಬಿಡಿಯಲ್ಲಿ ಜನ ಮರೆಯುತ್ತಾರೆ. ಲಾರಿ ಮೇಲೆ ಹೇರಿಕೊಂಡು ಹೋಗಿ.

ಮತ್ತೆ ಕೆಲವು ತಿಂಗಳು ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹದಿನೈದು ದಿನಕ್ಕೊಮ್ಮೆ ನಾಲ್ಕೈದು ಸಲ ಪೆಡಲ್ ಒತ್ತಿ, ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ. ನಮ್ಮ ಮನೆಯಲ್ಲಿ ಈ ಕೆಲಸ ಅಕ್ಕನ ಮಗ ವಹಿಸಿಕೊಂಡಿದ್ದಾನೆ. ಆಯಿಲ್ ಡಬ್ಬಿಯ ಮೇಲೆ ಅವನೇ ಒಂದು ಚೀಟಿ ಅಂಟಿಸಿದ್ದಾನೆ. ಅದರಲ್ಲಿ ಮಟ್ಟದ ಗೆರೆ, ಆಯಿಲ್ ಹಾಕಿದ ತಾರೀಕು, ಅದರ ಕೆಳಗೆ ಎರಡು ವರ್ಷ ಮುಂದಿನ ಇನ್ನೊಂದು ತಾರೀಕು ಇದೆ.